ಬಾಯಿ ಹೇಳದ್ದನ್ನು ಕೈ ಹೇಳುತ್ತದೆ

ಒಂದು ವಸ್ತುವನ್ನು ಹೇಗೆ ಬಳಸುತ್ತೀರಿ ಎಂದು ಜನರನ್ನು ಕೇಳಿದರೆ ಸಿಗುವುದು ಅರ್ಧ ಉತ್ತರ. ಉಳಿದರ್ಧವನ್ನು ಹುಡುಕಿಕೊಂಡು ವಿನ್ಯಾಸಕಾರರು ಕ್ಯಾಮೆರಾದ ಹಿಂದೆ ಹೋದ ಕಥೆ ಇದು.

ಊರು ಬಿಟ್ಟು ಮೊದಲ ಸಲ ಬಾಡಿಗೆ ಕೋಣೆ ಸೇರಿದ ಮಗಳು ಒಂದು ಸಂಜೆ ಮನೆಗೆ ಫೋನು ಮಾಡುತ್ತಾಳೆ. 'ಅಮ್ಮಾ, ನಿನ್ನ ತಿಳಿಸಾರು ಹೇಗೆ ಮಾಡೋದು, ಸ್ವಲ್ಪ ಹೇಳು.' ಅಮ್ಮ ಹೇಳುತ್ತಾಳೆ: ಬೇಳೆ ಬೇಯಿಸಿ ಕಟ್ಟು ತೆಗೆದುಕೋ, ಹುಣಿಸೆರಸ ಕುದಿಸು, ಎರಡು ಚಮಚ ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ, ಕೊನೆಗೆ ಒಗ್ಗರಣೆ. ಅಷ್ಟೇ. ಮಗಳು ಬರೆದುಕೊಂಡು ಚಾಚೂ ತಪ್ಪದೆ ಮಾಡಿದರೂ ಸಾರು ಅಮ್ಮನ ಸಾರಾಗುವುದಿಲ್ಲ.

ರಜೆಗೆ ಬಂದಾಗ ಒಲೆಯ ಪಕ್ಕದಲ್ಲೇ ನಿಂತು ನೋಡಿದರೆ ಗುಟ್ಟು ಬಯಲಾಗುತ್ತದೆ. 'ಎರಡು ಚಮಚ' ಎಂದಿದ್ದ ಅಮ್ಮ ಚಮಚವನ್ನು ಮುಟ್ಟುವುದೇ ಇಲ್ಲ. ಡಬ್ಬಿಯನ್ನು ವಾರೆ ಮಾಡಿ ಪುಡಿಯನ್ನು ಅಂಗೈಗೆ ಸುರಿದುಕೊಳ್ಳುತ್ತಾಳೆ. ಹುಣಿಸೆಯ ಹಸಿವಾಸನೆ ಹೋಯಿತೇ ಎಂಬುದನ್ನು ಅವಳ ಮೂಗು ಹೇಳುತ್ತದೆ, ಗಡಿಯಾರವಲ್ಲ. ನೊರೆ ಉಕ್ಕಿ ಬರುವ ಹೊತ್ತಿಗೆ ಸರಿಯಾಗಿ ಉರಿ ತಗ್ಗುತ್ತದೆ. ಒಗ್ಗರಣೆ ಬಿದ್ದ ಮರುಕ್ಷಣವೇ ತಟ್ಟೆ ಮುಚ್ಚಿಕೊಳ್ಳುತ್ತದೆ. 'ಇದನ್ನೆಲ್ಲ ಫೋನಿನಲ್ಲಿ ಯಾಕಮ್ಮಾ ಹೇಳಲಿಲ್ಲ?' ಎಂದರೆ ಅಮ್ಮನಿಗೇ ಆಶ್ಚರ್ಯ: 'ಹೌದಾ? ನಾನು ಹಾಗೆಲ್ಲ ಮಾಡ್ತೀನಾ?'

ಅಮ್ಮ ಸುಳ್ಳು ಹೇಳಿದ್ದಲ್ಲ, ಗುಟ್ಟು ಮುಚ್ಚಿಟ್ಟದ್ದೂ ಅಲ್ಲ. ವರ್ಷಗಟ್ಟಲೆ ದಿನವೂ ಮಾಡಿದ ಕೆಲಸ ಮನಸ್ಸಿನಿಂದ ಇಳಿದು ಕೈಗೆ ಸೇರಿಬಿಟ್ಟಿದೆ. ಕೈಗೆ ಗೊತ್ತಿರುವುದೆಲ್ಲ ಬಾಯಿಗೆ ಗೊತ್ತಿರುವುದಿಲ್ಲ.

ಈ ಸಣ್ಣ ಸತ್ಯದ ಮೇಲೆ ಒಂದು ವಿದ್ಯೆಯೇ ನಿಂತಿದೆ. ಕುರ್ಚಿ, ಒಲೆ, ಬಸ್ಸಿನ ಮೆಟ್ಟಿಲು, ಆಸ್ಪತ್ರೆಯ ಕೌಂಟರು, ಮೊಬೈಲ್ ಫೋನಿನ ಪರದೆ ಹೀಗೆ ನಾವು ದಿನವೂ ಬಳಸುವ ವಸ್ತುಗಳನ್ನೂ ಜಾಗಗಳನ್ನೂ ರೂಪಿಸುವವರು ವಿನ್ಯಾಸಕಾರರು. ವಿನ್ಯಾಸವೆಂದರೆ ಬಣ್ಣ ಬಳಿದು ಅಂದ ಹೆಚ್ಚಿಸುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಅದರ ಕೊನೆಯ ಭಾಗ ಮಾತ್ರ. ಮೊದಲ ಭಾಗ, ವಸ್ತುವನ್ನು ಬಳಸುವವರು ನಿಜವಾಗಿ ಏನು ಮಾಡುತ್ತಾರೆ ಎಂದು ತಿಳಿಯುವುದು. ಪ್ರಶ್ನಾವಳಿ ಹಂಚಿ ಉತ್ತರ ತುಂಬಿಸಿಕೊಂಡರೆ ಇದು ತಿಳಿಯುವುದಿಲ್ಲ. 'ಎರಡು ಚಮಚ' ಎಂಬ ಉತ್ತರ ಸಿಗುತ್ತದೆ, ಅಷ್ಟೇ. ಆದ್ದರಿಂದಲೇ ಸಂಶೋಧಕರು ಕೇಳುವುದರ ಜೊತೆಗೆ ನೋಡಲು ಶುರುಮಾಡಿದರು. ನೋಡಿದ್ದನ್ನು ಮತ್ತೆ ಮತ್ತೆ ನೋಡಲು ಮೊದಲು ಸಿನಿಮಾ ರೀಲು, ಆಮೇಲೆ ವಿಡಿಯೊ ಅವರ ನೆರವಿಗೆ ಬಂದವು.

ಇಟ್ಟಿಗೆ ಗೋಡೆಯಿಂದ ಆರಂಭ

ಈ ಕಥೆ ಆರಂಭವಾಗುವುದು ಅಮೆರಿಕದ ಬಾಸ್ಟನ್ ನಗರದಲ್ಲಿ. 1885ರಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬ ಹದಿನೇಳರ ಹುಡುಗ ಗಾರೆ ಕೆಲಸ ಕಲಿಯಲು ಸೇರಿದ. ಹೇಳಿಕೊಡುವ ಮೇಸ್ತ್ರಿಗಳು ಒಬ್ಬರಂತೆ ಒಬ್ಬರಿಲ್ಲ ಎಂಬುದು ಅವನ ಕಣ್ಣಿಗೆ ಬೇಗನೆ ಬಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಒಬ್ಬನೇ ಮೇಸ್ತ್ರಿ ನಿಧಾನವಾಗಿ ಹೇಳಿಕೊಡುವಾಗ ಒಂದು ರೀತಿ ಇಟ್ಟಿಗೆ ಇಡುತ್ತಿದ್ದ. ಅವಸರದ ಕೆಲಸವಿದ್ದಾಗ ಅವನ ಕೈ ಬೇರೆಯೇ ದಾರಿ ಹಿಡಿಯುತ್ತಿತ್ತು. ತಾನು ಮಾಡುವುದೇ ಒಂದು, ಕಲಿಸುವುದೇ ಇನ್ನೊಂದು ಎಂಬ ಅರಿವು ಆ ಮೇಸ್ತ್ರಿಗೇ ಇರಲಿಲ್ಲ.

ಗಿಲ್‌ಬ್ರೆತ್ ಮುಂದೆ ಸ್ವತಃ ಗುತ್ತಿಗೆದಾರನಾದ. ಒಂದು ಇಟ್ಟಿಗೆ ಇಡಲು ಮೈಕೈಗಳ 18 ಚಲನೆ ಬೇಕಾಗುತ್ತಿದ್ದುದನ್ನು ಲೆಕ್ಕ ಹಾಕಿ ನಾಲ್ಕೂವರೆಗೆ ಇಳಿಸಿದ. ಹೆಚ್ಚಿನ ಶ್ರಮ ವ್ಯರ್ಥವಾಗುತ್ತಿದ್ದುದು ಪ್ರತಿ ಇಟ್ಟಿಗೆಗೂ ನೆಲಕ್ಕೆ ಬಗ್ಗಿ ಏಳುವುದರಲ್ಲಿ. ಗೋಡೆ ಏರಿದಂತೆ ಏರಿಸಬಹುದಾದ ಸಾರುವೆ ಮಾಡಿ, ಇಟ್ಟಿಗೆಯನ್ನು ಸೊಂಟದ ಎತ್ತರಕ್ಕೆ ತಂದಿಟ್ಟ. ಕೆಲಸಗಾರನ ಬೆನ್ನು ಉಳಿಯಿತು, ಗೋಡೆಯೂ ಬೇಗ ಎದ್ದಿತು.

1912ರ ಹೊತ್ತಿಗೆ ಅವನೂ ಪತ್ನಿ ಲಿಲಿಯನ್ನಳೂ ಈ ಅಧ್ಯಯನಕ್ಕೆ ಸಿನಿಮಾ ಕ್ಯಾಮೆರಾ ತಂದರು. ಕೆಲಸಗಾರನ ಪಕ್ಕದಲ್ಲಿ, ಚಿತ್ರದ ಚೌಕಟ್ಟಿನೊಳಗೇ, ಸೆಕೆಂಡಿನ ಸಣ್ಣ ಭಾಗಗಳನ್ನೂ ತೋರಿಸುವ ಗಡಿಯಾರವೊಂದನ್ನು ಇಡುತ್ತಿದ್ದರು. ಬೆರಳಿಗೆ ಪುಟ್ಟ ಬಲ್ಬು ಕಟ್ಟಿ ದೀರ್ಘಕಾಲದ ಛಾಯಾಚಿತ್ರ ತೆಗೆದು, ಕೈ ಓಡಾಡಿದ ದಾರಿಯನ್ನು ಬೆಳಕಿನ ಗೆರೆಯಾಗಿ ಮೂಡಿಸುತ್ತಿದ್ದರು. ಶಸ್ತ್ರಚಿಕಿತ್ಸೆಯ ಕೋಣೆಯನ್ನೂ ಅವರ ಕ್ಯಾಮೆರಾ ಹೊಕ್ಕಿತು. ವೈದ್ಯ ತಾನೇ ಉಪಕರಣ ಹುಡುಕುತ್ತ ಕಾಲ ಕಳೆಯುವ ಬದಲು, ಕೇಳಿದ್ದನ್ನು ದಾದಿ ಅಂಗೈಯಲ್ಲಿಡುವ ಪದ್ಧತಿಯನ್ನು ಗಿಲ್‌ಬ್ರೆತ್ ಪ್ರತಿಪಾದಿಸಿದ. 1924ರಲ್ಲಿ ಗಂಡ ತೀರಿಕೊಂಡ ಮೇಲೆ, ಹನ್ನೆರಡು ಮಕ್ಕಳನ್ನು ಹೆತ್ತ ಲಿಲಿಯನ್ ತಮ್ಮ ಅಧ್ಯಯನವನ್ನು ಅಡುಗೆಮನೆಯತ್ತ ತಿರುಗಿಸಿದರು. ಕಾಲಿನಿಂದ ಒತ್ತಿದರೆ ಬಾಯಿ ತೆರೆಯುವ ಕಸದ ಡಬ್ಬಿ, ಫ್ರಿಜ್ಜಿನ ಬಾಗಿಲೊಳಗಿನ ಗೂಡುಗಳು ಇವೆಲ್ಲ ಅವರ ಹೆಸರಿನೊಂದಿಗೆ ಸೇರಿಕೊಂಡಿವೆ.

ಈ ಕ್ಯಾಮೆರಾದ ಬಗ್ಗೆ ಕಾರ್ಮಿಕರಿಗೆ ಅನುಮಾನವೂ ಇತ್ತು. ಇದು ನಮ್ಮ ಬೆನ್ನು ಉಳಿಸಲು ಬಂದದ್ದೋ, ನಮ್ಮಿಂದ ಇನ್ನಷ್ಟು ದುಡಿಸಲು ಬಂದದ್ದೋ? ಆ ಪ್ರಶ್ನೆ ನೂರು ವರ್ಷ ಕಳೆದರೂ ಹಳತಾಗಿಲ್ಲ.

ಎರಡು ಇಂಚು ಸರಿದ ಕುರ್ಚಿ

ಕ್ಯಾಮೆರಾ ಕಾರ್ಖಾನೆಯಿಂದ ಬೀದಿಗೆ ಇಳಿದದ್ದು ನ್ಯೂಯಾರ್ಕಿನಲ್ಲಿ. 1961ರಲ್ಲಿ ಆ ನಗರ ಒಂದು ನಿಯಮ ತಂದಿತ್ತು: ಕಟ್ಟಡದ ಮುಂದೆ ಸಾರ್ವಜನಿಕರಿಗೆ ತೆರೆದ ಅಂಗಳ ಬಿಟ್ಟುಕೊಟ್ಟರೆ, ಪ್ರತಿಯಾಗಿ ಹೆಚ್ಚುವರಿ ಮಹಡಿ ಕಟ್ಟಿಕೊಳ್ಳಬಹುದು. ಅಂಗಳಗಳು ಸಾಲು ಸಾಲಾಗಿ ಎದ್ದವು. ಆದರೆ ಕೆಲವು ಕಡೆ ಮಧ್ಯಾಹ್ನದ ಊಟದ ಹೊತ್ತಿಗೆ ಜಾತ್ರೆ, ಇನ್ನು ಕೆಲವು ಕಡೆ ನರಪಿಳ್ಳೆಯೂ ಇಲ್ಲ. ಯಾಕೆ?

ಪತ್ರಕರ್ತನಾಗಿ ಹೆಸರು ಮಾಡಿದ್ದ ವಿಲಿಯಂ ಎಚ್. ವೈಟ್ 1970ರ ದಶಕದ ಆರಂಭದಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಈ ಪ್ರಶ್ನೆಯ ಬೆನ್ನುಹತ್ತಿದರು. ಎತ್ತರದ ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ಕೆಲವು ಸೆಕೆಂಡಿಗೊಂದರಂತೆ ಚಿತ್ರ ತೆಗೆದು, ಇಡೀ ದಿನದ ಓಡಾಟವನ್ನು ಕೆಲವೇ ನಿಮಿಷಗಳಲ್ಲಿ ನೋಡಿದರು. ಬಿಸಿಲು ಹೆಚ್ಚು ಬೀಳುವಲ್ಲಿ ಜನ ಸೇರುತ್ತಾರೆಯೇ? ಅಷ್ಟೇನೂ ನಿಜವಲ್ಲ. ಅಂಗಳ ದೊಡ್ಡದಿದ್ದರೆ? ಅದೂ ಅಲ್ಲ. ಆಕಾರ ಚೆನ್ನಾಗಿದ್ದರೆ? ಅದೂ ಅಲ್ಲ. ಕೊನೆಗೆ ಸಿಕ್ಕ ಉತ್ತರ ಎಷ್ಟು ಸರಳವೆಂದರೆ ಹೇಳಲು ನಾಚಿಕೆಯಾಗಬೇಕು: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ! ಲಕ್ಷಾಂತರ ಡಾಲರ್ ಸುರಿದ ವಾಸ್ತುಶಿಲ್ಪಿಗಳು ಕಟ್ಟೆ, ಮೆಟ್ಟಿಲು, ಬೆಂಚುಗಳನ್ನು ಮರೆತಿದ್ದರು. ಕೆಲವರಂತೂ ಯಾರೂ ಕೂರದಿರಲೆಂದು ಕಟ್ಟೆಯ ಮೇಲೆ ಕಬ್ಬಿಣದ ಮುಳ್ಳು ನೆಟ್ಟಿದ್ದರು.

ರೀಲುಗಳಲ್ಲಿ ಇನ್ನೂ ಕೆಲವು ಸೋಜಿಗಗಳಿದ್ದವು. 'ಜನಜಂಗುಳಿಯಿಂದ ದೂರ ಹೋಗಿ ನೆಮ್ಮದಿಯಾಗಿ ಕೂರಬೇಕು' ಎಂದು ಹೇಳುವವರೇ ಜನ ಹೆಚ್ಚಿರುವ ಕಡೆಯೇ ಬಂದು ಕೂರುತ್ತಿದ್ದರು. ದಾರಿಯಲ್ಲಿ ಸಿಕ್ಕ ಸ್ನೇಹಿತರು ಪಕ್ಕಕ್ಕೆ ಸರಿಯದೆ, ಜನ ಹರಿಯುವ ನಟ್ಟನಡುವೆಯೇ ನಿಂತು ಹರಟುತ್ತಿದ್ದರು. ನಮ್ಮ ಊರಿನ ಸಂತೆಯಲ್ಲಿ, ಮದುವೆ ಛತ್ರದ ಬಾಗಿಲಲ್ಲಿ ಇದನ್ನು ಕಾಣದವರು ಯಾರು? ಬಿಡಿ ಕುರ್ಚಿ ಇರುವಲ್ಲಿ ಜನ ಕೂರುವ ಮೊದಲು ಅದನ್ನು ಎರಡು ಇಂಚು ಆಚೆಗೋ ಈಚೆಗೋ ಸರಿಸುತ್ತಿದ್ದರು. ಎಷ್ಟೋ ಸಲ ಸರಿಸಿದ್ದರಿಂದ ಬಿಸಿಲು ನೆರಳಿನಲ್ಲಿ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಆದರೂ ಸರಿಸುತ್ತಿದ್ದರು. ಈ ಜಾಗ ಈಗ ನನ್ನದು ಎಂದು ಹೇಳಿಕೊಳ್ಳುವ ಬಗೆ ಅದು.

ನೋಡಿದ್ದು ವ್ಯರ್ಥವಾಗಲಿಲ್ಲ. 1975ರಲ್ಲಿ ನ್ಯೂಯಾರ್ಕ್ ತನ್ನ ನಿಯಮ ತಿದ್ದಿತು. ಪ್ರತಿ 30 ಚದರಡಿ ಅಂಗಳಕ್ಕೆ ಒಂದು ಅಡಿ ಉದ್ದದ ಕೂರುವ ಜಾಗ ಇರಲೇಬೇಕೆಂದು ಹೇಳಿತು. ವೈಟ್ ತಮ್ಮ ಕಾಣ್ಕೆಗಳನ್ನು 1980ರಲ್ಲಿ ಪುಸ್ತಕವಾಗಿಯೂ ಚಲನಚಿತ್ರವಾಗಿಯೂ ಹೊರತಂದರು. ಅದೇ ನಗರದ ಬ್ರಯಾಂಟ್ ಪಾರ್ಕ್ ಒಂದು ಕಾಲಕ್ಕೆ ಮಾದಕವಸ್ತು ಮಾರುವವರ ಅಡ್ಡೆಯಾಗಿತ್ತು. ಅದರ ಸುಧಾರಣೆಗೆ ವೈಟ್ ಸಲಹೆ ಕೊಟ್ಟಿದ್ದರು. 1992ರಲ್ಲಿ ಮತ್ತೆ ತೆರೆದಾಗ ಅಲ್ಲಿ ಬಿಡಿ ಕುರ್ಚಿಗಳಿದ್ದವು. ಜನ ಮರಳಿ ಬಂದರು.

ಹಸಿರು ಗುಂಡಿಯ ಮುಂದೆ ಇಬ್ಬರು ಪಂಡಿತರು

ವಿದ್ಯಾರ್ಥಿಗಳೂ ಪೋಷಕರೂ ಮುಖ್ಯವಾಗಿ ಕೇಳಬೇಕಾದ ಕಥೆ ಇನ್ನು ಮುಂದಿದೆ.

ನಮ್ಮಲ್ಲಿ 'ಜೆರಾಕ್ಸ್' ಎಂದರೆ ನಕಲು ಪ್ರತಿ ಎಂದೇ ಅರ್ಥ. ಆ ಹೆಸರಿನ ಕಂಪೆನಿ 1980ರ ದಶಕದ ಆರಂಭದಲ್ಲಿ ಒಂದು ಹೊಸ ದೊಡ್ಡ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಹಸಿರು ಗುಂಡಿ ಒತ್ತಿದರೆ ಸಾಕು, ಎಲ್ಲ ಸಲೀಸು ಎನ್ನುವಂತೆ ಅದರ ಪ್ರಚಾರ ನಡೆದಿತ್ತು. ಕೊಂಡವರು ಮಾತ್ರ 'ಇದು ಬಲು ತೊಡಕಿನದು' ಎಂದು ದೂರತೊಡಗಿದರು. ಇಂಥ ದೂರು ಬಂದಾಗ ಯಂತ್ರ ಮಾಡಿದವರಿಗೆ ಸಾಮಾನ್ಯವಾಗಿ ಹೊಳೆಯುವ ಉತ್ತರವೆಂದರೆ, ಬಳಸುವವರಿಗೆ ತಿಳಿವಳಿಕೆ ಸಾಲದು ಎಂಬುದು.

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಆ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಯುವತಿ ಇದ್ದರು. ಅವರು ಎಂಜಿನಿಯರ್ ಅಲ್ಲ, ಮಾನವಶಾಸ್ತ್ರದ ವಿದ್ಯಾರ್ಥಿನಿ. ಯಂತ್ರವನ್ನು ಒಂದು ಕೋಣೆಯಲ್ಲಿ ಇಡಿಸಿ, ವಿಡಿಯೊ ಕ್ಯಾಮೆರಾ ಹೂಡಿ, ಅದನ್ನು ಹಿಂದೆ ಬಳಸದವರನ್ನು ಇಬ್ಬಿಬ್ಬರಾಗಿ ಕರೆದು 'ಈ ಪ್ರತಿ ತೆಗೆಯಿರಿ' ಎಂದು ಕೆಲಸ ಒಪ್ಪಿಸಿದರು. ಇಬ್ಬಿಬ್ಬರು ಏಕೆ? ಒಬ್ಬನೇ ನಿಂತರೆ ಮೌನವಾಗಿ ತಿಣುಕುತ್ತಾನೆ. ಇಬ್ಬರಿದ್ದರೆ 'ಅದಲ್ಲ, ಇದು ಒತ್ತಿ ನೋಡು', 'ಈಗೇನು ಕೇಳುತ್ತಿದೆ ಇದು?' ಎಂದು ತಾವಾಗಿಯೇ ಮಾತಾಡಿಕೊಳ್ಳುತ್ತಾರೆ. ಮನಸ್ಸಿನಲ್ಲಿ ನಡೆಯುವುದು ಟೇಪಿನಲ್ಲಿ ದಾಖಲಾಗುತ್ತದೆ.

ಹಾಗೆ ಬಂದವರಲ್ಲಿ ಒಂದು ಜೋಡಿ ಬಹಳ ಹೆಸರುವಾಸಿಯಾಯಿತು. ಒಬ್ಬರು ಅಲೆನ್ ನ್ಯೂವೆಲ್: ಕೃತಕ ಬುದ್ಧಿಮತ್ತೆಯ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು, ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1975ರಲ್ಲಿ ಪಡೆದವರು. ಇನ್ನೊಬ್ಬರು ರಾನ್ ಕಪ್ಲಾನ್: ಭಾಷೆಯನ್ನು ಗಣಕಕ್ಕೆ ತಿಳಿಸುವ ವಿದ್ಯೆಯಲ್ಲಿ ಪರಿಣತರು. ಇಂಥ ಇಬ್ಬರು ಕಾಗದದ ಎರಡೂ ಬದಿಗೆ ಪ್ರತಿ ತೆಗೆಯಲು ಆ ಯಂತ್ರದ ಮುಂದೆ ನಿಂತು ತಲೆ ಕೆರೆದುಕೊಳ್ಳುವ ದೃಶ್ಯ ಟೇಪಿನಲ್ಲಿದೆ. ಅದನ್ನು ನೋಡಿದ ಮೇಲೆ 'ಬಳಸುವವರಿಗೆ ಬುದ್ಧಿ ಸಾಲದು' ಎನ್ನುವ ಧೈರ್ಯ ಯಾರಿಗಿದ್ದೀತು?

ಸಚ್‌ಮನ್ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಹಂತದಲ್ಲಿ ಪರದೆಯ ಮೇಲೆ ಹೆಜ್ಜೆ ಹೆಜ್ಜೆಗೂ ಸೂಚನೆ ಕೊಡುವ ಒಂದು 'ಜಾಣ' ಸಹಾಯಕ ವ್ಯವಸ್ಥೆಯನ್ನು ಯಂತ್ರಕ್ಕೆ ಜೋಡಿಸಲಾಗಿತ್ತು. ಅದರ ಮುಂದೆ ನಿಂತವರ ವಿಡಿಯೊವನ್ನು ಅವರು ಕಾಗದದ ಮೇಲೆ ಕಂಬಸಾಲುಗಳಾಗಿ ಬಿಡಿಸಿದರು. ಮೊದಲ ಸಾಲಿನಲ್ಲಿ ಬಳಸುವವರು ಮಾಡಿದ, ಆದರೆ ಯಂತ್ರಕ್ಕೆ ಕಾಣದ ಕೆಲಸಗಳು: ಅವರ ಮಾತು, ನೋಟ, ಅನುಮಾನ. ಎರಡನೆಯದರಲ್ಲಿ ಯಂತ್ರಕ್ಕೆ ತಿಳಿಯುವ ಕೆಲಸಗಳು: ಗುಂಡಿ ಒತ್ತಿದ್ದು, ಮುಚ್ಚಳ ತೆರೆದದ್ದು. ಮೂರನೆಯದರಲ್ಲಿ ಪರದೆಯ ಮೇಲೆ ಮೂಡಿದ ಸೂಚನೆ. ನಾಲ್ಕನೆಯದರಲ್ಲಿ ಆ ಸೂಚನೆಯ ಹಿಂದಿದ್ದ ವಿನ್ಯಾಸಕಾರರ ತರ್ಕ.

ಮೊದಲ ಸಾಲು ಉದ್ದಕ್ಕೂ ತುಂಬಿತ್ತು. ಎರಡನೆಯದು ಬಹುಪಾಲು ಖಾಲಿ. ಮನುಷ್ಯರು ಗೊಂದಲಪಡುತ್ತಿರುವುದು ಯಂತ್ರಕ್ಕೆ ತಿಳಿಯುವಂತೆಯೇ ಇರಲಿಲ್ಲ. ಉದಾಹರಣೆಗೆ, ಹೊಲಿದ ಪುಸ್ತಕದಿಂದ ಎರಡು ಬದಿಯ ಪ್ರತಿ ಬೇಕಾದರೆ ಮೊದಲು ಪುಟಗಳ ಒಂದು ಬದಿಯ ಬಿಡಿ ಪ್ರತಿ ತೆಗೆದು, ಅದನ್ನು ಮತ್ತೆ ಯಂತ್ರಕ್ಕೆ ಕೊಡಬೇಕಿತ್ತು. ಯಂತ್ರ ಮಾಡಿದವರಿಗೆ ಇದು ಅಂಗೈ ಮೇಲಿನ ನೆಲ್ಲಿಕಾಯಿ. ಬಳಸುವವರಿಗೋ, ಒಂದು ಬದಿ ಮಾತ್ರ ಅಚ್ಚಾದ ಹಾಳೆ ಹೊರಬಂದ ಕೂಡಲೇ 'ಅಯ್ಯೋ, ತಪ್ಪಾಯಿತು' ಎನ್ನಿಸುತ್ತಿತ್ತು. ಸರಿದಾರಿಯಲ್ಲೇ ಇದ್ದವರು ತಪ್ಪಿದೆವೆಂದು ತಿಳಿದು ಹಿಂದಕ್ಕೆ ಹೋಗುತ್ತಿದ್ದರು.

ಈ ಅಧ್ಯಯನ 1987ರಲ್ಲಿ ಪುಸ್ತಕವಾಯಿತು. ಗಣಕ ವಿನ್ಯಾಸ ಕಲಿಯುವವರು ಅದನ್ನು ಇಂದಿಗೂ ಓದುತ್ತಾರೆ. ಅದರ ಸಾರವನ್ನು ಮನೆಮಾತಿನಲ್ಲಿ ಹೇಳುವುದಾದರೆ: ಮನುಷ್ಯ ಮೊದಲೇ ಬರೆದಿಟ್ಟ ಯೋಜನೆಯಂತೆ ನಡೆಯುವುದಿಲ್ಲ. ಎದುರಿಗಿರುವುದನ್ನು ನೋಡುತ್ತ, ಅರ್ಥ ಮಾಡಿಕೊಳ್ಳುತ್ತ, ಹೆಜ್ಜೆ ಇಡುತ್ತಾನೆ. ಎದುರಿಗಿರುವ ವಸ್ತು ಸರಿಯಾಗಿ ಮಾತಾಡದಿದ್ದರೆ ಪಂಡಿತನೂ ಎಡವುತ್ತಾನೆ.

ಎಟಿಎಂ ಮುಂದೆ ಬೆವರುವ ಅಪ್ಪ, ಫೋನಿನಲ್ಲಿ ಹಣ ಕಳಿಸಲು ಹೋಗಿ 'ನನಗೆ ಇದೆಲ್ಲ ತಿಳಿಯಲ್ಲಪ್ಪ, ನಾನು ಹಳೇ ಕಾಲದವಳು' ಎಂದು ಫೋನನ್ನು ಕೆಳಗಿಡುವ ಅಜ್ಜಿ, ಆನ್‌ಲೈನ್ ಅರ್ಜಿ ತುಂಬುವಾಗ ಕೊನೆಯ ಪುಟದಲ್ಲಿ ಸಿಕ್ಕಿಹಾಕಿಕೊಂಡು ಬೈಸಿಕೊಳ್ಳುವ ಮಗ ಇವರೆಲ್ಲ ತಪ್ಪು ತಮ್ಮದೇ ಎಂದು ನಂಬಿದ್ದಾರೆ. ಅವರ ಕೈಬೆರಳು ಎಲ್ಲಿ ತಡವರಿಸಿತು ಎಂಬುದನ್ನು ಯಾರಾದರೂ ತಾಳ್ಮೆಯಿಂದ ನೋಡಿದ್ದರೆ, ತಪ್ಪು ಎಷ್ಟೋ ಸಲ ಬೆರಳಿನ ಆಚೆ ಬದಿಯಲ್ಲಿ ಕಾಣಿಸುತ್ತಿತ್ತು.

ದೆಹಲಿಯ ಗೋಡೆ, ಕರ್ನಾಟಕದ ಶಾಲೆ

ನಮ್ಮ ದೇಶದಲ್ಲೂ ಇಂಥ ನೋಡುವ ಪ್ರಯೋಗಗಳು ನಡೆದಿವೆ. 1999ರ ಜನವರಿ 26ರಂದು ದೆಹಲಿಯ ಕಾಲ್ಕಾಜಿಯಲ್ಲಿ, ಎನ್‌ಐಐಟಿ ಸಂಸ್ಥೆಯ ಕಚೇರಿಗೂ ಪಕ್ಕದ ಕೊಳೆಗೇರಿಗೂ ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು, ಸುಗತ ಮಿತ್ರ ಮತ್ತು ಅವರ ಸಂಗಡಿಗರು ಒಂದು ಕಂಪ್ಯೂಟರ್ ಕೂರಿಸಿದರು. ಹೇಳಿಕೊಡುವವರು ಯಾರೂ ಇಲ್ಲ. ಪಕ್ಕದ ಮರದ ಮೇಲೆ ಒಂದು ವಿಡಿಯೊ ಕ್ಯಾಮೆರಾ ಮಾತ್ರ. ಇಂಗ್ಲಿಷ್ ಹೆಚ್ಚು ಬಾರದ ಮಕ್ಕಳು ಗುಂಪುಗೂಡಿ, ಒಬ್ಬರಿಂದೊಬ್ಬರು ಕಲಿತು, ಪರದೆಯ ಮೇಲೆ ಓಡಾಡತೊಡಗಿದರು. ಹೆಸರುಗಳನ್ನೂ ತಾವೇ ಇಟ್ಟುಕೊಂಡರು. ಬಾಣದ ಗುರುತು ಅವರಿಗೆ 'ಸುಯಿ', ಅಂದರೆ ಸೂಜಿ. ಕಾಯಿರಿ ಎಂದು ಸೂಚಿಸುವ ಮರಳುಗಡಿಯಾರದ ಚಿತ್ರ ಅವರ ಕಣ್ಣಿಗೆ ಶಿವನ 'ಡಮರು'. ಮರಳುಗಡಿಯಾರವನ್ನೇ ಕಾಣದ ಮಗುವಿಗೆ ಅದು ಡಮರುವಲ್ಲದೆ ಇನ್ನೇನು? ಗುರುವಿಲ್ಲದೆ ಮಕ್ಕಳು ಎಷ್ಟು ದೂರ ಕಲಿಯಬಲ್ಲರು ಎಂಬ ಚರ್ಚೆ ಶಿಕ್ಷಣ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಚಿತ್ರ ಬರೆದವನ ಮನಸ್ಸಿನ ಅರ್ಥವೇ ನೋಡುವವನಿಗೂ ಹೊಳೆಯಬೇಕೆಂದಿಲ್ಲ ಎಂಬುದನ್ನು ಆ ಡಮರು ಚೆನ್ನಾಗಿ ತೋರಿಸಿತು.

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾಲಯದವರು 2005-06ರ ಸುಮಾರಿಗೆ ಹಳ್ಳಿ ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ಕೂತು ಗಮನಿಸಿದರು. ಒಂದು ಕಂಪ್ಯೂಟರಿನ ಮುಂದೆ ಐದಾರು, ಕೆಲವು ಕಡೆ ಅದಕ್ಕೂ ಹೆಚ್ಚು ಮಕ್ಕಳು. ಮೌಸ್ ಮಾತ್ರ ಒಬ್ಬನ ಕೈಯಲ್ಲಿ. ಆ ಒಬ್ಬ ಸಾಮಾನ್ಯವಾಗಿ ಗುಂಪಿನಲ್ಲಿ ಜೋರಿನವನು. ಉಳಿದವರದು ಇಣುಕಿ ನೋಡುವ ಭಾಗ್ಯ. 'ಶಾಲೆಗೆ ಕಂಪ್ಯೂಟರ್ ಬಂದಿದೆಯೇ?' ಎಂದು ಕೇಳಿದರೆ 'ಬಂದಿದೆ' ಎಂಬ ಉತ್ತರ ಸಿಗುತ್ತಿತ್ತು. ಯಾರ ಕೈಗೆ ಬಂದಿದೆ ಎಂಬುದು ಕೂತು ನೋಡಿದವರಿಗೆ ಮಾತ್ರ ಕಂಡಿತು. ಇದರಿಂದ ಹುಟ್ಟಿದ್ದು ಒಂದೇ ಪರದೆಗೆ ಹಲವು ಮೌಸ್ ಜೋಡಿಸುವ ತಂತ್ರ. ಪ್ರತಿ ಮಗುವಿಗೂ ಅದರದೇ ಬಾಣ. ಒಂದು ಕಂಪ್ಯೂಟರಿನ ಬೆಲೆಗೆ ಹೋಲಿಸಿದರೆ ನಾಲ್ಕು ಮೌಸ್‌ಗಳ ಬೆಲೆ ಎಷ್ಟು ಮಹಾ?

ನೋಡುವುದೂ ಒಂದು ವಿದ್ಯೆ

ಕ್ಯಾಮೆರಾ ಇಟ್ಟ ಮಾತ್ರಕ್ಕೆ ಸತ್ಯ ತಾನಾಗಿ ಬಂದು ಬೀಳುವುದಿಲ್ಲ. ಒಂದು ಗಂಟೆಯ ವಿಡಿಯೊ ನೋಡಿ ಮುಗಿಸಲು ಸಂಶೋಧಕರಿಗೆ ಹಲವು ಗಂಟೆ, ಕೆಲವೊಮ್ಮೆ ಹಲವು ದಿನ ಬೇಕು. ಕ್ಯಾಮೆರಾವನ್ನು ಒಂದೆಡೆ ಅಲುಗದಂತೆ ನಿಲ್ಲಿಸಿ, ಮುಖಕ್ಕಿಂತ ಕೈಯೂ ವಸ್ತುವೂ ಕಾಣುವಂತೆ ನೋಡಿಕೊಳ್ಳುತ್ತಾರೆ. ಮೊದಲ ಸಲ ಇಡಿಯಾಗಿ ನೋಡಿ ನಿಮಿಷ ನಿಮಿಷಕ್ಕೂ ಏನಾಯಿತೆಂದು ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲಿ ಕೈ ತಡೆಯಿತು, ಎಲ್ಲಿ ಒಂದೇ ಕೆಲಸ ಎರಡು ಸಲ ನಡೆಯಿತು, ಎಲ್ಲಿ ಜನ ತಮ್ಮದೇ ಉಪಾಯ ಹೂಡಿದರು ಎಂದು ಹುಡುಕುತ್ತಾರೆ. ಕುಕ್ಕರಿನ ಹಿಡಿಗೆ ಸುತ್ತಿದ ಬಟ್ಟೆ, ರಿಮೋಟಿಗೆ ಹಾಕಿದ ರಬ್ಬರ್ ಬ್ಯಾಂಡು, ಸ್ವಿಚ್ಚಿನ ಪಕ್ಕದಲ್ಲಿ ಪೆನ್ನಿನಿಂದ ಬರೆದ 'ಫ್ಯಾನು' ಎಂಬ ಅಕ್ಷರ ಇವೆಲ್ಲ ವಿನ್ಯಾಸಕಾರನಿಗೆ ಚಿನ್ನದ ತುಣುಕುಗಳು. ಅಲ್ಲಿ ವಸ್ತು ಸೋತಿದೆ, ಮನುಷ್ಯ ಅದನ್ನು ಸರಿಪಡಿಸಿಕೊಂಡಿದ್ದಾನೆ.

ನೋಡುವ ಕಣ್ಣು ಪಳಗಿರದಿದ್ದರೆ ತಪ್ಪು ತೀರ್ಮಾನವೂ ಆದೀತು. ಲಂಡನ್ನಿನ ನೆಲದಡಿಯ ರೈಲಿನ ಬೇಕರ್‌ಲೂ ಮಾರ್ಗದ ನಿಯಂತ್ರಣ ಕೋಣೆಯನ್ನು ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಎಂಬ ಸಂಶೋಧಕರು ವಿಡಿಯೊ ಮಾಡಿ 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಿದರ್ಶನ. ವೇಳಾಪಟ್ಟಿ ತಿದ್ದುವ ನಿಯಂತ್ರಕ ತನ್ನಷ್ಟಕ್ಕೆ ಗೊಣಗಿಕೊಳ್ಳುವುದು ಮೇಲುನೋಟಕ್ಕೆ ಬರೀ ಗೊಣಗಾಟ. ಮತ್ತೆ ಮತ್ತೆ ನೋಡಿದಾಗ ತಿಳಿದದ್ದು, ಪಕ್ಕದಲ್ಲಿ ಪ್ರಯಾಣಿಕರಿಗೆ ಪ್ರಕಟಣೆ ಕೊಡುವ ಸಹೋದ್ಯೋಗಿ ಆ ಗೊಣಗಾಟವನ್ನು ಕೇಳಿಸಿಕೊಂಡೇ ತನ್ನ ಕೆಲಸ ಹೊಂದಿಸಿಕೊಳ್ಳುತ್ತಿದ್ದ ಎಂಬುದು. 'ಗಲಾಟೆ ಬೇಡ' ಎಂದು ಇಬ್ಬರ ನಡುವೆ ಗಾಜಿನ ಗೋಡೆ ಎಬ್ಬಿಸಿದ್ದರೆ ಅವರ ಕೆಲಸದ ಎಳೆಯೇ ಕಡಿದುಹೋಗುತ್ತಿತ್ತು.

ಇನ್ನೊಂದು ಮಿತಿಯೂ ಇದೆ. ಕ್ಯಾಮೆರಾ 'ಏನು' ಎಂಬುದನ್ನು ತೋರಿಸುತ್ತದೆ, 'ಯಾಕೆ' ಎಂಬುದನ್ನಲ್ಲ. ಆದ್ದರಿಂದ ಒಳ್ಳೆಯ ಸಂಶೋಧಕರು ಚಿತ್ರಿಸಿದ್ದನ್ನು ಆ ವ್ಯಕ್ತಿಗೇ ತೋರಿಸಿ, 'ಇಲ್ಲಿ ನೀವು ಸ್ವಲ್ಪ ನಿಂತಿರಿ, ಯಾಕೆ?' ಎಂದು ಕೇಳುತ್ತಾರೆ. ಆಗ ಬಾಯಿಯೂ ಕೈಯೂ ಜೊತೆಗೂಡಿ ಉತ್ತರ ಕೊಡುತ್ತವೆ.

ಕ್ಯಾಮೆರಾ ಇದೆ, ಒಪ್ಪಿಗೆ ಇದೆಯೇ?

ಗಿಲ್‌ಬ್ರೆತ್ ಕಾಲದಲ್ಲಿ ಕ್ಯಾಮೆರಾ ಒಂದು ಅಪರೂಪದ ಯಂತ್ರ. ಈಗ ಪ್ರತಿ ಹುಡುಗನ ಜೇಬಿನಲ್ಲೂ ಅದಿದೆ. ಇಲ್ಲೇ ಅಪಾಯವೂ ಇರುವುದು. ತಡವರಿಸುವ ಅಜ್ಜಿಯ ವಿಡಿಯೊ ವಿನ್ಯಾಸಕಾರನ ಮೇಜಿನ ಮೇಲೆ ಪಾಠ. ಅದೇ ವಿಡಿಯೊ ನಾಲ್ಕು ಜನರ ಫೋನಿಗೆ ಹೋದರೆ ನಗೆಪಾಟಲು. ಚಿತ್ರ ಒಂದೇ, ಉದ್ದೇಶ ಬೇರೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಸಂಶೋಧಕನಿಗೂ ಈ ಹಕ್ಕು ಲಕ್ಷ್ಮಣರೇಖೆ. ಏನನ್ನು, ಯಾಕೆ ಚಿತ್ರಿಸುತ್ತೇನೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೇನೆ ಎಂದು ಮೊದಲೇ ಹೇಳಬೇಕು. ಬೇಡವೆಂದರೆ ನಿಲ್ಲಿಸಬೇಕು, ಅಳಿಸಬೇಕು. ಮಕ್ಕಳಾದರೆ ಹೆತ್ತವರ ಅನುಮತಿಯೂ ಬೇಕು, ಮಗುವಿನ ಮನಸ್ಸೂ ಬೇಕು. ಹೇಳಿ ಚಿತ್ರಿಸಿದರೆ ಜನ ಸಹಜವಾಗಿ ಇರುವುದಿಲ್ಲವಲ್ಲ ಎಂಬ ಆಕ್ಷೇಪ ಉಂಟು. ಮೊದಲ ಹತ್ತು ನಿಮಿಷ ಅದು ನಿಜ. ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾಳೆ, ಚಮಚ ಹುಡುಕುತ್ತಾಳೆ. ಆಮೇಲೆ ಸಾರು ಕುದಿಯತೊಡಗಿದಾಗ ಕ್ಯಾಮೆರಾ ಮರೆತುಹೋಗುತ್ತದೆ, ಕೈ ತನ್ನ ದಾರಿ ಹಿಡಿಯುತ್ತದೆ.

ನಮ್ಮ ಮಕ್ಕಳು ವಿನ್ಯಾಸಕಾರರಾಗಲಿ, ಬಿಡಲಿ, ಈ ವಿದ್ಯೆಯಿಂದ ಕಲಿಯಬೇಕಾದ ಒಂದು ಮಾತಿದೆ. ಯಾರಾದರೂ ಒಂದು ಕೆಲಸದಲ್ಲಿ ಎಡವಿದಾಗ 'ಇವನಿಗೆ ಬರುವುದಿಲ್ಲ' ಎಂದು ತೀರ್ಪು ಕೊಡುವ ಮೊದಲು, ಅವನು ಎಡವಿದ ಕಲ್ಲನ್ನು ಒಮ್ಮೆ ನೋಡುವುದು. ಯಂತ್ರದ ಮುಂದೆ ನಿಂತ ಅಜ್ಜಿಗೂ ಈ ಮಾತು ಅನ್ವಯಿಸುತ್ತದೆ, ಪುಸ್ತಕದ ಮುಂದೆ ಕೂತ ಮಗುವಿಗೂ.

ನೀವೇ ಮಾಡಿ ನೋಡಿ

ಮನೆಯವರ ಒಪ್ಪಿಗೆ ಪಡೆದು, ದಿನವೂ ನಡೆಯುವ ಒಂದು ಸಣ್ಣ ಕೆಲಸ ಆರಿಸಿಕೊಳ್ಳಿ: ಕಾಫಿ ಬೆರೆಸುವುದು, ಶಾಲೆಯ ಚೀಲ ತುಂಬುವುದು, ಹೂ ಕಟ್ಟುವುದು. ಅದನ್ನು ಹೇಗೆ ಮಾಡುತ್ತೀರಿ ಎಂದು ಮೊದಲು ಕೇಳಿ ಬರೆದುಕೊಳ್ಳಿ. ಆಮೇಲೆ ಫೋನನ್ನು ಗೂಡಿನಲ್ಲಿ ಅಲುಗದಂತೆ ಇಟ್ಟು ಐದು ನಿಮಿಷ ಚಿತ್ರಿಸಿ. ಸದ್ದು ಅಡಗಿಸಿ ಮೂರು ಸಲ ನೋಡಿ. ಬರೆದುಕೊಂಡದ್ದರಲ್ಲಿ ಇಲ್ಲದ, ಆದರೆ ಚಿತ್ರದಲ್ಲಿರುವ ಹತ್ತು ಸಂಗತಿಗಳನ್ನು ಪಟ್ಟಿ ಮಾಡಿ. ಕೆಲಸ ಮಾಡಿದವರ ಜೊತೆ ಕೂತು ಪಟ್ಟಿಯನ್ನು ಓದಿ. ಮುಗಿದ ಮೇಲೆ ವಿಡಿಯೊ ಅಳಿಸಿಬಿಡಿ, ಪಟ್ಟಿ ನಿಮ್ಮಲ್ಲಿರಲಿ.

ಕಲಿಯುವುದೆಲ್ಲಿ?

ಅಮೆರ‍ಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನಮ್ಮ ತಂಬಿಗೆಯನ್ನು. ತಲೆಯ ಮೇಲೆ, ಸೊಂಟದಲ್ಲಿ, ಕೈಯಲ್ಲಿ ಹೊರುವಾಗ ಅದು ಹೇಗೆ ನಿಲ್ಲುತ್ತದೆ, ನೀರು ಹೇಗೆ ಸುರಿಯುತ್ತದೆ ಎಂದು ಪ್ರಶ್ನೆಗಳ ಸಾಲನ್ನೇ ಬರೆದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅದರ ಒಂದು ಕ್ಯಾಂಪಸ್ ಬೆಂಗಳೂರಿನಲ್ಲೂ ಇದೆ. ಮುಂಬೈ ಐಐಟಿಯ ವಿನ್ಯಾಸ ವಿಭಾಗ 1969ರಿಂದ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿನ್ಯಾಸದ ಸ್ನಾತಕೋತ್ತರ ಪದವಿ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 'ಡ್ಯಾಟ್', ಐಐಟಿಗಳ ವಿನ್ಯಾಸ ಪದವಿಗೆ 'ಯುಸೀಡ್', ಸ್ನಾತಕೋತ್ತರಕ್ಕೆ 'ಸೀಡ್' ಎಂಬ ಪ್ರವೇಶ ಪರೀಕ್ಷೆಗಳಿವೆ. ಪಿಯುಸಿಯಲ್ಲಿ ವಿಜ್ಞಾನವನ್ನೇ ಓದಿರಬೇಕೆಂಬ ಕಡ್ಡಾಯ ಎಲ್ಲ ಕಡೆ ಇಲ್ಲ. ಕಲೆ, ವಾಣಿಜ್ಯ ಓದಿದವರೂ ಈ ಪರೀಕ್ಷೆಗಳನ್ನು ಬರೆಯಬಹುದು. ಆಯಾ ವರ್ಷದ ನಿಯಮಗಳನ್ನು ಅರ್ಜಿ ಹಾಕುವ ಮುನ್ನ ಓದಿಕೊಳ್ಳಿ. ತಯಾರಿಯನ್ನು ಮಾತ್ರ ಇವತ್ತೇ, ಅಡುಗೆಮನೆಯಿಂದಲೇ ಶುರುಮಾಡಬಹುದು.